ಗಾಳಿ ತುಂಬುವ ಕಯಾಕ್ (ಹುಟ್ಟು ಹಾಕುವ ಸಣ್ಣ ದೋಣಿ) ಕೊಂಡು ಉಡುಪಿ ಕಡೆಯ ಹೊಳೆಗಳಲ್ಲಿ ನಾವೇ ಹೋಗಬಹುದಾ? ಒಬ್ಬರದ್ದು ಕೊಳ್ಳಲಾ, ಇಬ್ಬರದ್ದಾ?

ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನ ಹೊನ್ನೆಮರಡುವಿನಲ್ಲಿ ಎರಡು ಸಲ ಹುಟ್ಟು ಹಾಕಿದ್ದೀರಿ, ಈಜು ಬರುತ್ತದೆ, ಇನ್ನು ಸ್ವಂತದ್ದು ಬೇಕು ಅನ್ನುತ್ತೀರಿ. ನಾಲ್ಕು ವರ್ಷದ ಹಿಂದೆ ನಾನೂ ಹೀಗೇ ಇದ್ದೆ. ಹದಿನೆಂಟು ಸಾವಿರ ಕೊಟ್ಟು ಇಬ್ಬರು ಕೂರುವ ಕಯಾಕ್ ತಂದೆ. ಡಿಕ್ಕಿಯಲ್ಲಿ ಹಾಕಿಕೊಂಡು ಬಾರಕೂರಿನ ಕಡೆ ಹೆಂಡತಿಯ ನಂಟರ ಮನೆಗೆ ಹೋದೆ. ಮನೆ ಹಿಂದೆಯೇ ಸೀತಾನದಿ. ಹತ್ತಿಸಿಕೊಂಡಿದ್ದು ಬಾಮೈದನನ್ನು.

ಸುಮ್ನೆ ನೀರಿಗೆ ಇಳಿದೆ ಅಂದುಕೊಳ್ಳಬೇಡಿ. ಉಬ್ಬರ ಇಳಿತ ನೋಡಿಕೊಂಡೇ ಹೋಗಿದ್ದೆ. ಮಲ್ಪೆಯಲ್ಲಿ ಮಧ್ಯಾಹ್ನ 1:10ಕ್ಕೆ ಪೂರ್ತಿ ಇಳಿತ ಅಂತ ಫೋನಿನಲ್ಲಿತ್ತು. ಲೆಕ್ಕ ಹಾಕಿದೆ. ಹನ್ನೊಂದಕ್ಕೆ ಹೊರಟರೆ ಇಳಿಯುವ ನೀರು ಕೆಳಗೆ ಒಯ್ಯುತ್ತದೆ. ಕೋಡಿ ಬೆಂಗ್ರೆ ಹತ್ತಿರ ಸೀತಾ, ಸ್ವರ್ಣಾ ಎರಡೂ ಕೂಡಿ ಸಮುದ್ರ ಸೇರುವುದನ್ನು ದೂರದಿಂದ ನೋಡುವುದು, ಬುತ್ತಿ ತಿನ್ನುವುದು. ಒಂದೂಕಾಲಕ್ಕೆ ತಿರುಗಿದರೆ ಏರುವ ನೀರು ವಾಪಸ್ ತರುತ್ತದೆ. ಹೋಗ್ತಾ ಪುಕ್ಕಟೆ, ಬರ್ತಾ ಪುಕ್ಕಟೆ.

ಹೋಗ್ತಾ ಪುಕ್ಕಟೆಯೇ ಆಯಿತು. ತಪ್ಪಿದ್ದು ಆ 1:10. ಅದು ಸಮುದ್ರದ ನೀರು ಅತಿ ಕೆಳಗಿರುವ ಹೊತ್ತು ಅಷ್ಟೇ. ಹೊಳೆ ಹರಿಯುವುದನ್ನು ನಿಲ್ಲಿಸುವ ಹೊತ್ತಲ್ಲ. ಸಮುದ್ರ ಏರಲು ಶುರುವಾದರೂ ಹೊಳೆಯೊಳಗಿನ ನೀರು ಅದಕ್ಕಿಂತ ಎತ್ತರದಲ್ಲೇ ಇರುತ್ತದೆ. ಎರಡೂ ಸಮ ಆಗುವವರೆಗೆ ಅದು ಹೊರಗೆ ಹರಿಯುತ್ತಲೇ ಇರುತ್ತದೆ. ಹೊಳೆ ಸಮುದ್ರ ಸೇರುವ ಅಳಿವೆಯಿಂದ ಮೇಲೆ ಹೋದಷ್ಟೂ ಇದು ತಡ. ಅದು ನವೆಂಬರ್ ಬೇರೆ, ಘಟ್ಟದ ಮಳೆನೀರು ಇನ್ನೂ ಬರುತ್ತಿತ್ತು. ಹಾಗಾಗಿ ಮತ್ತೂ ತಡ. ನಾನು ನೋಡಿದ್ದು ನೀರಿನ ಎತ್ತರದ ಪಟ್ಟಿ, ಅದನ್ನು ಓದಿದ್ದು ಬಸ್ಸಿನ ಟೈಮ್ ಟೇಬಲ್ ಥರ. ಲಿಂಗನಮಕ್ಕಿ ಹಿನ್ನೀರಿನಲ್ಲಿ ಕಲಿತವನಿಗೆ ನೀರು ತಾನೇ ಎಲ್ಲಿಗೋ ಹೊರಟಿರುತ್ತದೆ ಅನ್ನುವುದು ತಲೆಗೇ ಬರುವುದಿಲ್ಲ. ಅಲ್ಲಿ ಹುಟ್ಟು ನಿಲ್ಲಿಸಿದರೆ, ಗಾಳಿ ಇಲ್ಲದಿದ್ದರೆ, ದೋಣಿಯೂ ನಿಲ್ಲುತ್ತದೆ.

ಒಂದೂಕಾಲಕ್ಕೆ ತಿರುಗಿದೆವು. ದಡದಲ್ಲಿ ಒಂದು ಬಾಗಿದ ತೆಂಗಿನ ಮರ ಇತ್ತು, ಬುಡಕ್ಕೆ ನೀಲಿ ಬಲೆ ಸುತ್ತಿದ್ದರು. ಹತ್ತು ನಿಮಿಷ ಜೀವ ಬಿಟ್ಟು ಹುಟ್ಟು ಹಾಕಿ ತಲೆ ಎತ್ತಿದರೆ ಅದೇ ಮರ, ಅದೇ ನೀಲಿ ಬಲೆ. ಬಾಮೈದ 'ಭಾವ, ಮರ ಮುಂದೆ ಹೋಗ್ತಿದೆ' ಅಂದ. ನಗಲಿಲ್ಲ ನಾನು. ಅಷ್ಟರಲ್ಲಿ ಸಮುದ್ರದ ಗಾಳಿ ಎದ್ದಿತ್ತು. ಗಾಳಿ ಒಳಗೆ, ನೀರು ಹೊರಗೆ. ಹಾಗೆ ಎದುರುಬದುರಾದಾಗ ಅಲೆ ಒತ್ತೊತ್ತಾಗಿ, ಕಡಿದಾಗಿ ಏಳುತ್ತದೆ. ಬುತ್ತಿ ಡಬ್ಬಿ ಮಡಿಲಲ್ಲೇ ತೇಲುತ್ತಿತ್ತು.

ಬದಿಯಲ್ಲಿ ಮರುವಾಯಿ (ಚಿಪ್ಪುಮೀನು) ಹೆಕ್ಕುತ್ತಿದ್ದ ಒಬ್ಬ ಅಜ್ಜ ಕೂಗಿದರು: 'ಹ್ವಾಯ್, ನಡು ಹೊಳಿಯಗ್ ಎಂತ ಮಾಡ್ತ್ರಿ? ಬದಿಗ್ ಬನಿ. ಇಲ್ಲ್ ಸೊಂಟದಷ್ಟೇ ನೀರ್ ಇಪ್ಪುದ್.'

ನಿಜವಾಗಿಯೂ ಸೊಂಟದಷ್ಟೇ ಇತ್ತು! ನಡುವೆ ಆಳ ಇರುವಲ್ಲಿ ಸೆಳೆತ ಜಾಸ್ತಿ, ದಡದ ಹತ್ತಿರ ಅರ್ಧವೂ ಇಲ್ಲ. ನಾವು ಅಷ್ಟು ಹೊತ್ತು ಹೊಳೆಯ ಅತಿ ಜೋರಾದ ಜಾಗದಲ್ಲೇ ಗುದ್ದಾಡಿದ್ದೆವು. ಇಳಿದು ಕಯಾಕನ್ನು ಎಳೆದುಕೊಂಡು ಮರಳಿನ ದಿಬ್ಬಕ್ಕೆ ಬಂದೆವು. ಅಜ್ಜ ನಮ್ಮ ಫೋನಿನ ಕಡೆ ನೋಡಲಿಲ್ಲ. ನೀರಿನ ಮೇಲೆ ಹೋಗುತ್ತಿದ್ದ ಒಣ ತೆಂಗಿನ ಗರಿಯೊಂದನ್ನು ತೋರಿಸಿ, ಅದು ನಿಲ್ಲುವವರೆಗೆ ಕೂರಿ ಅಂದರು. ಕೂತೆವು. ಎರಡೂಕಾಲು ದಾಟಿದ ಮೇಲೆ ತೇಲುವ ಕಸಕಡ್ಡಿಯೆಲ್ಲ ನಿಂತಲ್ಲೇ ನಿಂತಿತು. ಆಮೇಲೆ ನಿಧಾನಕ್ಕೆ ಬಂದ ದಾರಿಯಲ್ಲೇ ವಾಪಸ್ ಹೊರಟಿತು. ಹಿಂದೆಯೇ ನಾವೂ.

ಹಾಗಾಗಿ ಒಬ್ಬರದ್ದಾ ಇಬ್ಬರದ್ದಾ ಅನ್ನುವುದೇ ತಪ್ಪು ಪ್ರಶ್ನೆ ಅಂತ ನನ್ನ ಖಡಕ್ ಅಭಿಪ್ರಾಯ. ಈಗ ಏನೂ ಕೊಳ್ಳಬೇಡಿ. ಸಾಲಿಗ್ರಾಮದ ಪಾರಂಪಳ್ಳಿ ಕಡೆ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ಬಾಡಿಗೆಗೆ ಕರೆದುಕೊಂಡು ಹೋಗುತ್ತಾರೆ. ಮೂರ್ನಾಲ್ಕು ಸಲ ಅಲ್ಲಿನವರ ಜೊತೆ ಹೋಗಿ. ಅವರು ಯಾವ ಹೊತ್ತಿಗೆ ಹೊರಡುತ್ತಾರೆ, ಯಾವ ಬದಿ ಹಿಡಿಯುತ್ತಾರೆ ಅದನ್ನು ನೋಡಿ. ನೀವೇ ಹೋಗುವಾಗ ಅಳಿವೆಯ ಕಡೆಗೆ ಬೇಡವೇ ಬೇಡ, ಮೇಲಕ್ಕೆ ಹೋಗಿ. ಮೊದಲ ಅರ್ಧ ಗಂಟೆ ನೀರಿಗೆ ಎದುರಾಗಿಯೇ ಹುಟ್ಟು ಹಾಕಿ. ಆಗದಿದ್ದರೆ ಅಲ್ಲೇ ಗೊತ್ತಾಗುತ್ತದೆ, ಮನೆ ಹತ್ತಿರವೇ ಇರುತ್ತದೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಶನಿವಾರದ ಲೆಕ್ಕ ಭಾನುವಾರಕ್ಕೆ ಹಾಕಬೇಡಿ. ಮಳೆಗಾಲದಲ್ಲಿ ಹೊಳೆಯ ಹೆಸರೇ ಎತ್ತಬೇಡಿ.

ಈಜು ಬರುತ್ತದೆ ಅಂತ ಲೈಫ್ ಜಾಕೆಟ್ ಬಿಡುವವರ ಜೊತೆ ನಾನು ವಾದ ಮಾಡುವುದಿಲ್ಲ, ಹತ್ತಿಸಿಕೊಳ್ಳುವುದೂ ಇಲ್ಲ.

ಗಣೇಶಗುಡಿಯ ಕಾಳಿ ನದಿಗೆ ಹೋಗಲಾ ಅಂತಲೂ ಕೇಳಿದ್ದೀರಿ. ಅಲ್ಲಿ ಉಬ್ಬರ ಇಳಿತ ಇಲ್ಲ, ಆದರೆ ಸೂಪಾ ಅಣೆಕಟ್ಟಿನಿಂದ ಬಿಡುವ ನೀರಿನ ಮೇಲೆ ಹೊಳೆ ಏರುತ್ತದೆ, ಇಳಿಯುತ್ತದೆ. ಸ್ವಂತ ಕಯಾಕ್ ಹಿಡಿದು ಹೋಗುವ ಜಾಗವಲ್ಲ ಅದು.

ಇಷ್ಟಾದರೂ ಕೊಂಡೇ ತೀರುತ್ತೇನೆ ಅಂದರೆ ನನ್ನದು ಅಟ್ಟದ ಮೇಲಿದೆ, ಪಂಪು ಸಮೇತ ಅರ್ಧ ಬೆಲೆಗೆ ಕೊಡುತ್ತೇನೆ. ತಳದಲ್ಲಿ ಒಂದು ತೇಪೆ ಇದೆ. ಅವತ್ತು ದಿಬ್ಬಕ್ಕೆ ಎಳೆಯುವಾಗ ಮರುವಾಯಿ ಚಿಪ್ಪು ಕೊಯ್ದಿದ್ದು.