ಲಕ್ಕುಂಡಿ ಗುಡಿಗಳಿಗೆ ಪೆಂಟಾಕ್ಸ್ ಕೆ1000 ಒಯ್ಯಲೋ, ಯಾಶಿಕಾ ಮ್ಯಾಟ್ 124ಜಿ ಒಯ್ಯಲೋ? ಯಾವ ಫಿಲ್ಮ್ ಹಾಕಲಿ?

ಒಂದೇ ಕ್ಯಾಮೆರಾ ಅಂದರೆ ಪೆಂಟಾಕ್ಸ್ ಒಯ್ಯಿರಿ, ಇಲ್‌ಫೋರ್ಡ್ ಎಚ್‌ಪಿ5 ಎಂಬ ಕಪ್ಪು-ಬಿಳುಪು ಫಿಲ್ಮ್ ಹಾಕಿ. ಗದಗದ ಬಿಸಿಲಿಗೆ ಐಎಸ್‌ಒ 400ರ, ಅಂದರೆ ಕಡಿಮೆ ಬೆಳಕಿಗೂ ಸ್ಪಂದಿಸುವ ಫಿಲ್ಮ್ ಯಾಕೆ ಅನ್ನಿಸಬಹುದು, ಆದರೆ ಕಾಶಿವಿಶ್ವೇಶ್ವರ ಗುಡಿಯ ಹೊರಗಿನ ಕೆತ್ತನೆ ಮುಗಿಸಿ ಒಳಗೆ ಹೋದರೆ ಆ ನುಣುಪಾದ ಕಂಬಗಳ ಹತ್ತಿರ ಬೆಳಕು ತೀರಾ ಕಡಿಮೆ. ಟ್ರೈಪಾಡಿಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಹಾಗಾಗಿ ಕೈಯಲ್ಲೇ ಹಿಡಿದು ತೆಗೆಯಬೇಕು.

ಎಚ್‌ಪಿ5 ಅನ್ನು 1600ಕ್ಕೆ ಪುಶ್ ಮಾಡಬಹುದು, ಅಂದರೆ 1600ರ ಫಿಲ್ಮ್ ಎಂದುಕೊಂಡೇ ತೆಗೆದು, ಆಮೇಲೆ ಹೆಚ್ಚು ಹೊತ್ತು ಡೆವಲಪ್ ಮಾಡಿಸಬಹುದು. ಲ್ಯಾಬಿಗೆ ಮರೆಯದೆ ಹೇಳಿ. ಆದರೆ ಇಡೀ ರೋಲ್ ಅದೇ 1600ರಲ್ಲಿ ತೆಗೆಯಬೇಕು, ಆಗ ಹೊರಗಿನ ಬಿಸಿಲಲ್ಲಿ ಲೆನ್ಸಿನ ಕಿಂಡಿಯನ್ನು ಎಫ್16ಕ್ಕೆ ಕಿರಿದು ಮಾಡಿದರೂ ಶಟರ್ 1/1000 ಸೆಕೆಂಡಿಗೆ ಮುಟ್ಟುತ್ತದೆ, ಕೆ1000ದಲ್ಲಿ ಅದಕ್ಕಿಂತ ಮುಂದೆ ಹೋಗಲ್ಲ. ಅದಕ್ಕೇ ಎರಡು ರೋಲ್ ಇಟ್ಟುಕೊಳ್ಳಿ, ಹೊರಗೆ 400, ಒಳಗೆ 1600.

ಕ್ಯಾಮೆರಾದ ಬೆಳಕಿನ ಮೀಟರ್ ನೋಡುವಾಗ ಆಕಾಶ ಸೇರಿಸಬೇಡಿ. ಸೇರಿದರೆ ಕಲ್ಲು ಕಪ್ಪಾಗಿ ಕೆತ್ತನೆಯೇ ಕಾಣಲ್ಲ. ಕ್ಯಾಮೆರಾ ಕೆಳಗಿಳಿಸಿ, ನೆರಳಿನ ಕಲ್ಲಿಗೆ ಅಳೆಯಿರಿ. ನೆಗೆಟಿವ್ ಫಿಲ್ಮ್ ಬೆಳಕು ಸ್ವಲ್ಪ ಜಾಸ್ತಿಯಾದರೆ ತಾಳಿಕೊಳ್ಳುತ್ತದೆ, ಕಡಿಮೆಯಾದರೆ ತಾಳಲ್ಲ.

ಯಾಶಿಕಾಗೆ ರೋಲಿಗೆ 12 ಚೌಕ ಫ್ರೇಮ್ ಅಷ್ಟೇ, ಆದರೆ ಲಕ್ಕುಂಡಿಯ ಮುಸುಕಿನ ಬಾವಿಯ ಮೆಟ್ಟಿಲುಗಳಿಗೆ ಅದೇ ಚಂದ. ಮುಂದಿನ ಸಲ ಅದನ್ನು ಒಯ್ದು ಕೊಡಾಕ್ ಗೋಲ್ಡ್ 200 ಎಂಬ ಕಲರ್ ಫಿಲ್ಮ್ ಹಾಕಿ, ಬೆಳಿಗ್ಗೆ ಬೇಗ ಹೋಗಿ.