ಬ್ಯಾಗಿನಲ್ಲಿರುವ ಆ ಕಪ್ಪು ಸ್ವೆಟರ್

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಓದಿ ಪಕ್ಕಕ್ಕಿಟ್ಟೆ. ಆಮೇಲೆ ಮತ್ತೆ ತೆಗೆದು ಓದಿದೆ. ಬರೆದವರಿಗೆ 24 ವರ್ಷ, ಹೆಸರು ಹಾಕಬೇಡಿ ಎಂದಿದ್ದಾರೆ. ಕೆಲಸಕ್ಕೆ ಸೇರಿ ಒಂಬತ್ತು ತಿಂಗಳಾಗಿದೆ. ಬಟ್ಟೆ ಅಂದರೆ ಪ್ರಾಣ. ಮೊದಲ ಸಂಬಳದಲ್ಲಿ ಅರಿಶಿನ ಬಣ್ಣದ ಕಾಟನ್ ಶರ್ಟ್ ಒಂದನ್ನು ಕೊಂಡರು. ಅದರ ಬಿಳಿ ಗುಂಡಿಗಳನ್ನೆಲ್ಲ ಬಿಚ್ಚಿ, ಕಡು ಹಸಿರು ಗುಂಡಿಗಳನ್ನು ತಾವೇ ಕೂತು ಹೊಲಿದುಕೊಂಡರು. ಅದನ್ನು ಹಾಕಿಕೊಂಡು ಹೋದ ಮೊದಲ ದಿನವೇ ಟೀಮಿನ ಹಿರಿಯ ಮೇಡಂ ಒಬ್ಬರು "ಇದು ಕಾಲೇಜ್ ಅಲ್ಲಮ್ಮ" ಅಂದರು. ಅಲ್ಲಿಂದಾಚೆ ಬೂದು, ಬಿಳಿ, ಕಪ್ಪು. "ಆಫೀಸ್‌ನಲ್ಲಿ ನನಗಿಷ್ಟ ಬಂದ ಹಾಗೆ ಡ್ರೆಸ್ ಮಾಡ್ಕೊಳ್ಳೋದು ತಪ್ಪಾ ಮೇಡಂ?" ಎಂದು ಕೇಳಿದ್ದಾರೆ.

ತಪ್ಪಲ್ಲ. ಆದರೆ ಪತ್ರದ ನಡುವೆ ನೀವು ಬರೆದು ದಾಟಿಹೋದ ಒಂದು ಸಾಲಿದೆ. ನಾನು ಅಲ್ಲೇ ನಿಂತುಬಿಟ್ಟೆ. "ಈಗಲೂ ಒಮ್ಮೊಮ್ಮೆ ಆ ಶರ್ಟ್ ಹಾಕ್ತೀನಿ. ಬ್ಯಾಗಲ್ಲಿ ಕಪ್ಪು ಸ್ವೆಟರ್ ಇರುತ್ತೆ, ಲಿಫ್ಟ್‌ನಲ್ಲೇ ಹಾಕ್ಕೊಂಡ್ಬಿಡ್ತೀನಿ. ಸ್ವಲ್ಪ ಸೆಕೆ ಆಗುತ್ತೆ, ಅಷ್ಟೆ."

ಅಷ್ಟೇನಾ? ಲಿಫ್ಟಿನ ಬಾಗಿಲು ಮುಚ್ಚುವುದನ್ನೇ ಕಾಯುತ್ತೀರಿ. ಬ್ಯಾಗ್ ಕಾಲ ಸಂದಿಯಲ್ಲಿಟ್ಟು, ಗಡಿಬಿಡಿಯಲ್ಲಿ ತೋಳು ತೂರಿಸುತ್ತೀರಿ. ನಿಮ್ಮ ಮಹಡಿ ಬರುವಷ್ಟರಲ್ಲಿ ಆ ಹಸಿರು ಗುಂಡಿಗಳು ಒಂದೊಂದಾಗಿ ಒಳಗೆ ಹೋಗಿರುತ್ತವೆ. ಸಂಜೆ ತನಕ ಬೆವರುತ್ತೀರಿ. ಇನ್ನೊಂದು ಕಡೆ "ಮೀಟಿಂಗ್‌ನಲ್ಲಿ ನಾನು ಜಾಸ್ತಿ ಮಾತಾಡಲ್ಲ" ಎಂದೂ ಬರೆದಿದ್ದೀರಿ. ಇವೆರಡೂ ಬೇರೆ ಬೇರೆ ವಿಷಯ ಅಂತ ನಿಮಗೆ ಅನ್ನಿಸಿರಬಹುದು. ನನಗೆ ಹಾಗನ್ನಿಸುವುದಿಲ್ಲ. ಯಾರ ಕಣ್ಣಿಗೂ ಬೀಳಬಾರದು ಅಂತ ಬೆಳಿಗ್ಗೆ ಒಂಬತ್ತೂವರೆಗೇ ತೀರ್ಮಾನ ಮಾಡಿಕೊಂಡ ಹುಡುಗಿ ಹನ್ನೊಂದು ಗಂಟೆಗೆ ಕೈ ಎತ್ತಿ ಮಾತಾಡುವುದು ಕಷ್ಟ.

ಚಳಿಗೆ ಸ್ವೆಟರ್ ಹಾಕುವುದಾದರೆ ನಾನು ಒಂದು ಮಾತೂ ಆಡುತ್ತಿರಲಿಲ್ಲ. ಆಫೀಸುಗಳಲ್ಲಿ ಎಸಿ ಹೆಂಗಸರಿಗೆ ನಡುಕ ತರಿಸುವುದಕ್ಕೆ ಕಾರಣವೂ ಇದೆ. ಎಸಿ ಎಷ್ಟು ತಂಪಿರಬೇಕು ಅನ್ನುವ ಲೆಕ್ಕ 1960ರ ದಶಕದ್ದು, 40 ವರ್ಷದ, 70 ಕಿಲೋ ತೂಕದ ಗಂಡಸಿನ ಮೈಶಾಖವನ್ನು ಇಟ್ಟುಕೊಂಡು ಮಾಡಿದ್ದು ಎಂದು 2015ರಲ್ಲಿ ಸಂಶೋಧಕರು ತೋರಿಸಿದ್ದಾರೆ. ನಿಮ್ಮ ಸ್ವೆಟರ್ ಚಳಿಯದ್ದಲ್ಲ, ಹೆದರಿಕೆಯದ್ದು.

ಯಾರ ಹೆದರಿಕೆ? ನೀವು ಆ ಹಿರಿಯ ಮೇಡಂ ಹೆಸರು ಹೇಳುತ್ತೀರಿ. ಅವರ ಮೇಲೆ ನನಗೆ ಅಷ್ಟು ಕೋಪ ಬರಲಿಲ್ಲ. ಅವರು ಹೇಳಿದ್ದು ಒಂದೇ ಸಲ, ಮತ್ತೆ ಎತ್ತಿಲ್ಲ. ಅವರಿಗಿಂತ ಹಿಂದಿನ ಹೆಂಗಸರು ಏನೇನು ಅನುಭವಿಸಿ ಬಂದರು ನೋಡಿ. 1980ರ ದಶಕದಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಆಫೀಸಿಗೆ ಹೋಗುವ ಹೆಂಗಸರ ಕೋಟಿಗೆ ಭುಜದಲ್ಲಿ ದಪ್ಪ ಪ್ಯಾಡ್ ಇಡುತ್ತಿದ್ದರು, ಗಂಡಸರ ಭುಜದ ಹಾಗೆ ಅಗಲ ಕಾಣಲಿ ಅಂತ. ಅಮೆರಿಕದ ಸೆನೆಟ್ ಸಭಾಂಗಣದೊಳಗೆ ಮಹಿಳಾ ಸದಸ್ಯರು ಪ್ಯಾಂಟ್ ಹಾಕಿಕೊಂಡು ಬರುವ ಹಾಗಾಗಿದ್ದೇ 1993ರಲ್ಲಿ, ಅದೂ ಬಾರ್ಬರಾ ಮಿಕುಲ್ಸ್ಕಿ, ಕ್ಯಾರಲ್ ಮೋಸ್ಲಿ ಬ್ರಾನ್ ಅಂಥವರು ಹಾಕಿಕೊಂಡೇ ಒಳಗೆ ಬಂದ ಮೇಲೆ. ಎದ್ದು ಕಾಣದ ಹಾಗೆ ಇದ್ದರೆ ಕೆಲಸ ಉಳಿಯುತ್ತದೆ ಎಂದು ಕಲಿತ ತಲೆಮಾರು ಅದು. ನಿಮ್ಮ ಮೇಡಂ ತಮಗೆ ಯಾರೋ ಹೇಳಿದ ಮಾತನ್ನು ನಿಮಗೆ ದಾಟಿಸಿದ್ದಾರೆ. ಅದು ಸರಿ ಅಂತಲ್ಲ, ಆದರೆ ಕೆಟ್ಟ ಮನಸ್ಸಿನಿಂದ ಬಂದ ಮಾತು ಅಂತ ನನಗೆ ಕಾಣುವುದಿಲ್ಲ.

ನನಗೆ ಸಿಟ್ಟು ಬಂದಿದ್ದು ನಿಮ್ಮ ಪಕ್ಕದ ಸೀಟಿನ ಗೆಳತಿಯ ಮೇಲೆ. ನೀವು ಅವಳ ಬಗ್ಗೆ ಎರಡೇ ಸಾಲು ಬರೆದಿದ್ದೀರಿ. ಸ್ವಲ್ಪ ಬಣ್ಣದ ಬಟ್ಟೆ ಹಾಕಿದ ದಿನವೆಲ್ಲ ಅವಳು "ಏನಿವತ್ತು ವಿಶೇಷ? ಬರ್ತ್‌ಡೇನಾ?" ಅಂತ ಎಲ್ಲರಿಗೂ ಕೇಳುವ ಹಾಗೆ ಕೂಗುತ್ತಾಳೆ. "ಸುಮ್ನೆ ತಮಾಷೆಗೆ" ಅಂತ ನೀವೇ ಅವಳ ಪರ ಮಾತಾಡಿದ್ದೀರಿ. ಒಂದು ಸಲ ಆದರೆ ತಮಾಷೆ. ಒಂಬತ್ತು ತಿಂಗಳು ಅದನ್ನೇ ಹೇಳಿದರೆ ಅದು ಕಾವಲು. ಮೇಡಂ ಒಂದು ಸಲ ಗೆರೆ ಎಳೆದು ಹೋದರು. ದಿನಾ ಅದನ್ನು ತಿದ್ದಿ ಗಟ್ಟಿ ಮಾಡುತ್ತಿರುವವಳು ಈ ಗೆಳತಿ. ಅವಳಿಗೆ ನಿಮ್ಮ ಮೇಲೆ ದ್ವೇಷ ಇರಲಿಕ್ಕಿಲ್ಲ. ನೀವು ಬೂದು ಬಣ್ಣದಲ್ಲಿದ್ದರೆ ಅವಳಿಗೂ ಬೂದು ಬಣ್ಣ ಸಲೀಸು, ಅಷ್ಟೇ ಇರಬಹುದು. ಆದರೂ ಅವಳಿಗೆ ನನ್ನಿಂದ ರಿಯಾಯಿತಿ ಇಲ್ಲ.

ನಿಮ್ಮ ಆಫೀಸಿನ ಡ್ರೆಸ್ ಕೋಡ್ ಅನ್ನು ನೀವೇ ಬರೆದು ಕಳಿಸಿದ್ದೀರಿ: "ಅಚ್ಚುಕಟ್ಟಾದ, ಕೆಲಸಕ್ಕೆ ಹೊಂದುವ ಬಟ್ಟೆ." ಬಣ್ಣದ ಮಾತೇ ಇಲ್ಲ. ಗುಂಡಿಯ ಮಾತಂತೂ ಇಲ್ಲವೇ ಇಲ್ಲ. ಅಂದರೆ ಇಲ್ಲದ ನಿಯಮಕ್ಕೆ ನೀವು ಬೆವರುತ್ತಿದ್ದೀರಿ.

ನಿಯಮ ನಿಜವಾಗಿಯೂ ಬಿಗಿಯಾಗಿರುವ ಕಡೆ ಏನಾಯಿತು ಗೊತ್ತಾ? ರೂತ್ ಬೇಡರ್ ಗಿನ್ಸ್‌ಬರ್ಗ್ 1993ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಆದರು. ಅಲ್ಲಿ ಎಲ್ಲರಿಗೂ ಒಂದೇ ಕಪ್ಪು ಗೌನು. ಅದನ್ನು ಹೊಲಿದಿದ್ದೇ ಗಂಡಸರಿಗೆ, ಒಳಗಿನ ಶರ್ಟಿನ ಕಾಲರ್ ಮತ್ತು ಟೈ ಕಾಣಲಿ ಅಂತ ಕುತ್ತಿಗೆಯ ಹತ್ತಿರ ಜಾಗ ಬಿಟ್ಟು. ಅವರೂ ಅವರಿಗಿಂತ ಮೊದಲೇ ಬಂದಿದ್ದ ಸಾಂಡ್ರಾ ಡೇ ಓಕಾನರ್ ಅವರೂ ಆ ಖಾಲಿ ಜಾಗಕ್ಕೆ ಹೆಂಗಸರಿಗೆ ಒಪ್ಪುವ ಕಾಲರ್ ಹಾಕಿಕೊಳ್ಳೋಣ ಅಂದುಕೊಂಡರು. ಮುಂದೆ ಗಿನ್ಸ್‌ಬರ್ಗ್ ಬಹುಮತದ ತೀರ್ಪು ಓದುವ ದಿನಕ್ಕೆ ಹಳದಿ ಛಾಯೆಯ ಒಂದು ಕಾಲರ್, ಭಿನ್ನ ತೀರ್ಪಿನ ದಿನಕ್ಕೆ ಮಣಿ ಹೊಳೆಯುವ ಕಪ್ಪು ಕಾಲರ್ ಇಟ್ಟುಕೊಂಡರು. ಗೌನು ಬದಲಾಗಲಿಲ್ಲ. ಕುತ್ತಿಗೆಯ ಹತ್ತಿರದ ಒಂದು ಗೇಣು ಜಾಗ ಮಾತ್ರ ಅವರದಾಯಿತು. ನಿಮ್ಮ ಹಸಿರು ಗುಂಡಿಗಳ ಬಗ್ಗೆ ಓದಿದಾಗ ನನಗೆ ನೆನಪಾಗಿದ್ದು ಅದೇ. ಆಂಗೆಲಾ ಮರ್ಕೆಲ್ ಅವರನ್ನೂ ನೋಡಿ. ಜರ್ಮನಿಯ ಚಾನ್ಸಲರ್ ಆಗಿದ್ದ 16 ವರ್ಷ ಹೆಚ್ಚುಕಡಿಮೆ ಒಂದೇ ಕಟ್ಟಿನ ಜಾಕೆಟ್, ಬಣ್ಣ ಮಾತ್ರ ದಿನಕ್ಕೊಂದು. ಮಾತಾಡುವ ಒಂದು ತುಣುಕು ಇದ್ದರೆ ಉಳಿದದ್ದೆಲ್ಲ ಸುಮ್ಮನಿರಲಿ ಅಂತ ನಾನು ಈ ಅಂಕಣದಲ್ಲಿ ಪದೇ ಪದೇ ಹೇಳುವುದು ಇದಕ್ಕೇ.

ಇನ್ನೊಂದು ಮಾತೂ ಪದೇ ಪದೇ ಹೇಳಿದ್ದೇ, ಆದರೂ ಹೇಳುತ್ತೇನೆ. ಬಣ್ಣಕ್ಕಿಂತ ಮೊದಲು ಅಳತೆ. ಶರ್ಟಿನ ಭುಜದ ಹೊಲಿಗೆ ನಿಮ್ಮ ಭುಜದ ಮೂಳೆ ಮುಗಿಯುವಲ್ಲೇ ಬರಬೇಕು. ಎರಡೂ ಕೈ ಮೇಲೆತ್ತಿ ನೋಡಿ, ಬಗ್ಗಿ ನೋಡಿ, ಕುರ್ಚಿಯಲ್ಲಿ ಕೂತು ನೋಡಿ. ಎದೆಯ ಹತ್ತಿರ ಎರಡು ಗುಂಡಿಗಳ ನಡುವೆ ಬಾಯಿ ಬಿಟ್ಟರೆ ಒಳಗಡೆ ಒಂದು ಟಿಚ್ ಬಟನ್ ಹಾಕಿಕೊಳ್ಳಿ. ಗುಂಡಿ ಹೊಲಿಯಲು ಬರುವವರಿಗೆ ಅದು ಐದು ನಿಮಿಷದ ಕೆಲಸ. ಇಸ್ತ್ರಿ ಮಾಡಿ. ಮೈಗೆ ಸರಿಯಾಗಿ ಕೂತ ಅರಿಶಿನ ಬಣ್ಣ ಜೋತುಬಿದ್ದ ಬೂದು ಬಣ್ಣಕ್ಕಿಂತ ಹತ್ತು ಪಾಲು ಅಚ್ಚುಕಟ್ಟು. ಹೊಸದೇನೂ ಕೊಳ್ಳಬೇಡಿ.

ಇನ್ನು ನೀವು ಮಾಡಬೇಕಾದ ಒಂದೇ ಕೆಲಸ. ಬರುವ ವಾರದಿಂದ ಆ ಶರ್ಟನ್ನು ವಾರಕ್ಕೆ ಎರಡು ದಿನ ಹಾಕಿ, ಒಂದು ತಿಂಗಳು. ಆ ದಿನಗಳಲ್ಲಿ ಸ್ವೆಟರ್ ಬ್ಯಾಗಿಗೆ ಹೋಗಬಾರದು. ಅಪರೂಪಕ್ಕೆ ಹಾಕಿದರೆ ಅದು ಪ್ರತಿ ಸಲವೂ ಸುದ್ದಿ ಆಗುತ್ತದೆ. ನಾಲ್ಕನೇ ಸಲಕ್ಕೆ ಜನರಿಗೆ ಅದು ನಿಮ್ಮ ಶರ್ಟ್, ಎಂಟನೇ ಸಲಕ್ಕೆ ಅವರು ನೋಡುವುದೇ ಇಲ್ಲ. ಪಕ್ಕದ ಸೀಟಿನವಳು "ಏನು ವಿಶೇಷ?" ಅಂತ ಕೇಳಿಯೇ ಕೇಳುತ್ತಾಳೆ. "ಏನಿಲ್ಲ, ನನ್ನ ಶರ್ಟ್" ಅನ್ನಿ. ನಗುತ್ತಲೇ ಹೇಳಿ, ಆದರೆ ಕಾರಣ ಕೊಡಲು ಹೋಗಬೇಡಿ.

ಸ್ವೆಟರನ್ನು ಒಗೆದು, ಒಣಗಿಸಿ, ಮಡಚಿ ಬೀರುವಿನಲ್ಲಿಡಿ. ಎಸಿ ಜೋರಾಗಿರುವ ದಿನ ಅದು ಬೇಕಾಗುತ್ತದೆ. ಆಗಲೂ ಮುಂದಿನ ಗುಂಡಿ ಹಾಕಿಕೊಳ್ಳಬೇಡಿ, ಒಳಗಿನ ಹಸಿರು ಕಾಣಲಿ.