ಶಿವಮೊಗ್ಗದ ಸಣ್ಣ ಅಡಿಕೆ ವ್ಯಾಪಾರಕ್ಕೆ ಡೇಟಾ, ಎಐ ಇವುಗಳಿಂದ ನಿಜಕ್ಕೂ ಲಾಭವಿದೆಯೇ?

ಇದೆ. ಆದರೆ ಎಐ ಆಮೇಲೆ, ಮೊದಲು ಲಾಟ್‌ವಾರು ಲೆಕ್ಕ, ಅಂದರೆ ಒಂದು ಬಾರಿಗೆ ಕೊಂಡ ಮಾಲಿಗೆ ಒಂದು ಲೆಕ್ಕ. ಗೂಗಲ್ ಶೀಟ್‌ನಲ್ಲಿ ಲಾಟಿಗೊಂದು ಸಾಲು ಇಡಿ: ದಿನಾಂಕ, ದರ್ಜೆ, ತೇವಾಂಶ, ಖರೀದಿ ತೂಕ ಮತ್ತು ದರ, ಮಾರಿದ ತೂಕ ಮತ್ತು ದರ. ಹಲವರು ಬಿಟ್ಟುಬಿಡುವುದು ಮಾರಿದ ತೂಕವನ್ನೇ, ನಷ್ಟ ಅಡಗಿರುವುದೂ ಅಲ್ಲೇ. ಶೇ 14 ತೇವಾಂಶದ 100 ಕೆಜಿ ಅಡಿಕೆ ಶೇ 10ಕ್ಕೆ ಒಣಗಿದರೆ ಉಳಿಯುವುದು ಸುಮಾರು 95.5 ಕೆಜಿ. ಅಂದರೆ ದರ ಶೇ 4.7ರಷ್ಟು ಏರಿದರೆ ಮಾತ್ರ ಅಸಲು ಕೈಸೇರುತ್ತದೆ. ಗೋದಾಮು ಬಾಡಿಗೆ, ಬಡ್ಡಿ ಬೇರೆ.

ದರ್ಜೆಯನ್ನು ಟೈಪ್ ಮಾಡಬೇಡಿ, ಪಟ್ಟಿಯಿಂದ ಆರಿಸುವ ಡ್ರಾಪ್‌ಡೌನ್ ಹಾಕಿ: ರಾಶಿ, ಬೆಟ್ಟೆ, ಗೊರಬಲು, ಸರಕು. ಒಂದೇ ದರ್ಜೆಯನ್ನು ಮೂರು ಥರ ಬರೆದರೆ ಮೊತ್ತವೇ ತಪ್ಪುತ್ತದೆ. ಮಾರುಕಟ್ಟೆ ದರ ತೋರಿಸುವ ಸರ್ಕಾರಿ ಜಾಲತಾಣ ಅಗ್‌ಮಾರ್ಕ್‌ನೆಟ್‌ನ ದರ ಕ್ವಿಂಟಲ್ ಲೆಕ್ಕದ್ದು, ಕೆಜಿ ದರದ ಜೊತೆ ಬೆರೆಸಬೇಡಿ.

ಬೆಲೆ ಮುನ್ಸೂಚನೆ ಹೇಳುವ ಸಾಫ್ಟ್‌ವೇರ್‌ಗೆ ಈಗಲೇ ದುಡ್ಡು ಸುರಿಯಬೇಡಿ. ಆಮದು ನೀತಿ ಬದಲಾದರೆ ಹಳೆಯ ದರಗಳಿಂದ ಕಲಿತ ಮಾದರಿಗೆ ಅದರ ಸುಳಿವೂ ಇರುವುದಿಲ್ಲ.